ಕೆರೆಯಂಚಿನ ಕೋಣೆಯ ಅಳತೆ

ಗ್ರಂಥಾಲಯದ ದುರಸ್ತಿ ಕೋಣೆ
ಜೂನ್ ೯, ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಗುಬ್ಬಿಗೆ, ಹಾಗೂ ಅವಳ ಬೆನ್ನ ಹಿಂದೆ ಕಣ್ಣಿಗೆ ಕಾಣದಂತೆ ನೆರೆದು ಕೆರೆಯ ದಂಡೆಯಲ್ಲೊಂದು ಮನೆ ಕೊಳ್ಳುವ ಕನಸು ಕಾಣುತ್ತಿರುವ ಸಮಸ್ತ ಸಭಿಕರಿಗೆ, ಅಕ್ಕನ ಆಶೀರ್ವಾದಗಳು.

ಮಹನೀಯರೇ, ಮಹಿಳೆಯರೇ, ಮುಂದಿನ ಸಾಲಿನಲ್ಲಿ ಕೂತು ಆಗಲೇ ಆಕಳಿಸುತ್ತಿರುವವರೇ! ಈ ದಿನದ ಉಪನ್ಯಾಸದ ವಿಷಯ ‘ನೀರ ನೆರೆಯಲ್ಲಿ ನೆಮ್ಮದಿಯ ಬಾಳ್ವೆ’. ಹನ್ನೊಂದು ವರ್ಷ ಕೆರೆಗೆ ಮುಖ ಮಾಡಿ ಕೂತು ನಡೆಸಿದ ಅಧ್ಯಯನದ ಫಲ ಇದು. ಕೆರೆದಂಡೆಯ ಮನೆಯ ಮೊದಲ ಗುಣ, ನೋಟ. ನೆಂಟರು ಬಂದರೆ ಕಿಟಕಿಯ ಹತ್ತಿರ ಬಾಯಿ ಬಿಟ್ಟುಕೊಂಡು ನಿಲ್ಲುತ್ತಾರೆ. ಹಾಗೆ ನಿಂತವರು ಗೋಡೆಯ ಬಿರುಕು ನೋಡುವುದಿಲ್ಲ. ಎರಡನೆಯ ಗುಣ, ಗಾಳಿ. ಮೂರನೆಯದನ್ನು ಪ್ರಾಸದಲ್ಲಿ ಹೊಂದಿಸಿ ತಂದಿದ್ದೇನೆ: ಬಿಸಿಲಿದ್ದರೆ ನೋಟ, ಮಳೆ ಹಿಡಿದರೆ ಓಟ. ಚಪ್ಪಾಳೆ ಬೇಡ, ಕೂತಿರಿ.

ನದಿಯಾದರೆ ಬರುವಾಗ ಸದ್ದು ಮಾಡುತ್ತದಂತೆ. ಕೆರೆಗೆ ಆ ಸೌಜನ್ಯವಿಲ್ಲ. ಸಂಜೆ ನೋಡಿದಾಗ ಹಿತ್ತಿಲಿನಲ್ಲಿ ಮೇಲಿನಿಂದ ಆರನೇ ಮೆಟ್ಟಿಲಿನಲ್ಲಿರುತ್ತದೆ, ಬೆಳಿಗ್ಗೆ ಎದ್ದರೆ ಮೂರನೆಯದರಲ್ಲಿ, ಏನೂ ಆಗಿಲ್ಲವೆಂಬಂತೆ ಮಿನುಗುತ್ತಾ. ಅದು ಬಾಗಿಲು ತಟ್ಟಿ ಬರುವ ಪೈಕಿಯೂ ಅಲ್ಲ. ನಾವು ಮುಂಬಾಗಿಲಿಗೆ ಮರಳಿನ ಚೀಲ ಒಟ್ಟಿ ಕಾವಲು ಕೂತಿದ್ದೆವು. ಅದು ಬಚ್ಚಲಿನ ಜಾಲರಿಯಿಂದ ‘ಗುಳುಕ್’ ಎಂದು ಎದ್ದು, ಹಿಂದಿನಿಂದ ಬಂದು ನಮ್ಮ ಹಿಮ್ಮಡಿ ಮುಟ್ಟಿತು. ಮೊದಲ ಸಲ ಪಾದದವರೆಗೆ, ಎರಡನೇ ಸಲ ಮೊಣಕಾಲಿನವರೆಗೆ, ಮೂರನೇ ಸಲ ಸೊಂಟದವರೆಗೆ. ಫ್ರಿಜ್ಜು ತೇಲುತ್ತದೆಂದು ಸಭಿಕರಿಗೆ ಗೊತ್ತೇ? ತೇಲುತ್ತದೆ. ಎಮ್ಮೆಯ ಹಾಗೆ ಪಕ್ಕಕ್ಕೆ ಮಲಗಿ, ಊಟದ ಮೇಜನ್ನು ಒಂದು ಸುತ್ತು ಹಾಕಿ, ಹೋಗಿ ಬಾಗಿಲಿಗೆ ಅಡ್ಡ ನಿಂತಿತು. ನಮಗೆ ಉಳಿದದ್ದು ಮೆಟ್ಟಿಲಿನ ದಾರಿ, ಅದೂ ಮೇಲಕ್ಕೆ. ಆಮೇಲೆ ವಿಮೆಯವನು ಬಂದ. ಶೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಎಲ್ಲ ಕೋಣೆ ನೋಡಿ, “ಮೇಡಂ, ಕೆರೆ ನಿಮ್ ಮನೆಗೆ ಬಂದಿಲ್ಲ. ನೀವೇ ಕೆರೆಗೆ ಬಂದಿದ್ದೀರಿ,” ಎಂದು ಬರೆದುಕೊಂಡು ಹೋದ. ಅಷ್ಟು ಒಳ್ಳೆಯ ವಾಕ್ಯ ನನಗೂ ಹೊಳೆದಿರಲಿಲ್ಲ.

ಇಷ್ಟು ಹೊತ್ತಿಗೆ ನೀನು ಕಾಗದ ಕೆಳಗಿಟ್ಟು, ಯಾವಾಗ ಇದೆಲ್ಲ ಎಂದು ಹುಬ್ಬು ಗಂಟು ಹಾಕಿರುತ್ತೀಯ. ಹೌದು ಗುಬ್ಬಿ, ಮೂರು ಸಲ. ನಿನಗೆ ಒಂದನ್ನೂ ಹೇಳಲಿಲ್ಲ. ‘ನೆಲಕ್ಕೆ ಹೊಸ ಟೈಲ್ಸ್ ಹಾಕಿಸಿದೆವು’ ಎಂದು ಬರೆದಿದ್ದೆನಲ್ಲ, ಅದು ಎರಡನೆಯದು. ‘ಸೋಫಾ ಹಳೆಯದಾಗಿತ್ತು, ಸಾಗಹಾಕಿದೆವು’ ಎಂಬುದು ಮೂರನೆಯದು. ಮಾರ್ಚಿನಲ್ಲಿ ಬಂದಾಗ ನೀನೇ ಕೇಳಿದೆ, “ಪ್ಲಗ್ಗೆಲ್ಲ ಯಾಕಕ್ಕಾ ಎದೆಮಟ್ಟದಲ್ಲಿವೆ?” “ಇನ್ನು ಬಗ್ಗೋ ವಯಸ್ಸೇನೇ ನಮ್ದು?” ಎಂದೆ. ನೀನು ನಕ್ಕೆ. ನಗಿಸಿದರೆ ನೀನು ಎರಡನೇ ಪ್ರಶ್ನೆ ಕೇಳುವುದಿಲ್ಲ; ನಿನಗೆ ಹಾಲುಹಲ್ಲು ಇದ್ದ ಕಾಲದಿಂದ ನಾನು ಇದನ್ನು ಬಳಸಿಕೊಂಡು ಬಂದಿದ್ದೇನೆ. ಅದಕ್ಕೇ ಇವತ್ತು ಫೋನ್ ಮುಟ್ಟದೆ ಪೆನ್ನು ಹಿಡಿದಿದ್ದೇನೆ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಏನೋ ತಮಾಷೆ ಬಾಯಿಗೆ ಬಂದು, ಮಾತು ಅಲ್ಲಿಗೇ ಮುಗಿಯುತ್ತದೆ.

ನಿನ್ನ ಭಾವನಿಗೆ ಡಬಲ್ ಶಿಫ್ಟ್ ಎಂದದ್ದೂ ಸುಳ್ಳು. ಅವರು ಮನೆ ಬಿಟ್ಟು ಹೋಗಿ ಒಂದೂವರೆ ವರ್ಷವಾಯಿತು. ಮೂರನೆಯ ನೀರು ಇಳಿದ ಮೇಲೆ ಹತ್ತೊಂಬತ್ತು ದಿನ ಸಲಿಕೆ ಹಿಡಿದು ಕೆಸರು ಬಳಿದರು. ಬಸ್ ಡಿಪೋದಲ್ಲಿ ಇಡೀ ದಿನ ಇಂಜಿನ್ನಿನ ಕೆಳಗೆ ಮಲಗಿದ್ದು, ಸಂಜೆ ಬಂದು ಮತ್ತೆ ಇದು. ಇಪ್ಪತ್ತನೆಯ ದಿನ ಸಲಿಕೆ ತೊಳೆದು ಗೋಡೆಗೆ ಒರಗಿಸಿ, “ಇನ್ನು ನನ್ ಕೈಲಾಗಲ್ಲ ಕಣೇ. ನಾವಿಲ್ಲಿ ಮನೆಯವರಲ್ಲ, ಕೆರೆಯ ಬಾಡಿಗೆದಾರರು. ನೀನೂ ಬಾ,” ಎಂದರು. ಮನೆ ಯಾರು ನೋಡಿಕೊಳ್ಳುತ್ತಾರೆ ಎಂದೆ. ಅವರು ಎರಡು ಚೀಲ ತುಂಬಿಕೊಂಡು ಡಿಪೋದ ವಸತಿಗೃಹಕ್ಕೆ ಹೋದರು. ಮೊದಮೊದಲು ಭಾನುವಾರ ಬರುತ್ತಿದ್ದರು, ಈಗ ಭಾನುವಾರ ಫೋನ್ ಮಾಡುತ್ತಾರೆ. ಜಗಳವೇನಿಲ್ಲ. ಜಗಳಕ್ಕೂ ಮೈಯಲ್ಲಿ ಕಸುವು ಬೇಕು; ನಮ್ಮಿಬ್ಬರಲ್ಲಿ ಇದ್ದದ್ದೆಲ್ಲ ಕೆಸರಿಗೆ ಹೋಯಿತು.

ಅಂದಿನಿಂದ ಮೋಡ ಕಂಡರೆ ಸಾಮಾನು ಮೇಲಕ್ಕೆ, ಬಿಸಿಲು ಕಂಡರೆ ಕೆಳಕ್ಕೆ. ಹದಿನಾಲ್ಕು ಮೆಟ್ಟಿಲು. ಆಮೇಲಾಮೇಲೆ ಇಳಿಸುವುದನ್ನೇ ಬಿಟ್ಟೆ. ಈಗ ಮೇಲಿನ ಒಂದು ಕೋಣೆಯಲ್ಲಿ ಹಾಸಿಗೆ, ಒಲೆ, ಬಟ್ಟೆ, ನಾನು. ಮಾರ್ಚಿನಲ್ಲಿ ನೀವಿಬ್ಬರೂ ಬರುತ್ತೀರೆಂದು ತಿಳಿದಾಗ ಇಬ್ಬರು ಹಮಾಲರನ್ನು ಕರೆದು ಎಲ್ಲವನ್ನೂ ಕೆಳಗಿಳಿಸಿ, ಹೂದಾನಿಯಲ್ಲಿ ಹೂವನ್ನೂ ಇಟ್ಟಿದ್ದೆ. ನೀವು ಹೊರಟ ಮಾರನೇ ದಿನ ಅದೇ ಹಮಾಲರು ಅದೇ ಸಾಮಾನು ಮೇಲೆ ಹೊತ್ತರು. “ನಾಟ್ಕ ಮುಗೀತೇನಮ್ಮ?” ಎಂದು ಕೇಳಿದ ಒಬ್ಬ. ಹೂದಾನಿ ಅವನ ಕೈಯಲ್ಲಿತ್ತು.

ಇನ್ನು ನೀವು ಕೊಳ್ಳಹೊರಟಿರುವ ಪಕ್ಕದ ಮನೆ. ಆ ಗಡಿಯಾರ ರಿಪೇರಿಯವರ ಮನೆ ನಮ್ಮದಕ್ಕಿಂತ ಒಂದು ಗೇಣು ತಗ್ಗಿನಲ್ಲಿದೆ. ನಮಗೆ ಸೊಂಟದವರೆಗೆ ಬಂದದ್ದು ಅವರಿಗೆ ಎಲ್ಲಿಯವರೆಗೆ ಬಂದಿರಬೇಕು, ನೀನೇ ಊಹಿಸು.

ಶುಕ್ರವಾರ ನಿನ್ನ ಕಾಗದ ಬಂತು. ಬರುವ ೧೫ರ ಸೋಮವಾರ ಸಹಿ ಎಂದು ನೀನು ಬರೆದಿದ್ದೆ. ನಿನ್ನ ಅತ್ತೆಗೆ ಕೆಳಗಿನ ಹಿಂದಿನ ಕೋಣೆಯೇ ಸರಿ, ಕಾಲಿಗೆ ಸ್ವಾಧೀನವಿಲ್ಲದವರು ಮೆಟ್ಟಿಲು ಹತ್ತುವ ಹಾಗಿಲ್ಲ, ಮಲಗಿದಲ್ಲಿಂದಲೇ ನೀರು ಕಾಣುತ್ತದೆಂದು ಈಗಲೇ ಸೊಸೆಯನ್ನು ಹೊಗಳಲು ಶುರು ಮಾಡಿದ್ದಾರೆ, ಮಂಚ ಹಿಡಿಸುತ್ತದೋ ಇಲ್ಲವೋ ಅಳೆದು ತಿಳಿಸು ಎಂದಿದ್ದೆ. ಇಪ್ಪತ್ತು ವರ್ಷದಲ್ಲಿ ಆ ಬಾಯಿಂದ ಬಂದ ಮೊದಲ ಹೊಗಳಿಕೆ ಎಂದು ಅಂಚಿನಲ್ಲಿ ಸಣ್ಣಕ್ಷರದಲ್ಲಿ ಸೇರಿಸಿದ್ದೆ.

ಭಾನುವಾರ ಬೆಳಿಗ್ಗೆ ಟೇಪು ತೆಗೆದುಕೊಂಡು ಹೋದೆ. ಗಡಿಯಾರದವರು ಒಂದು ತುದಿ ಹಿಡಿದರು. ಉದ್ದ ಹನ್ನೆರಡು ಅಡಿ, ಅಗಲ ಹತ್ತು. ಬರೆದುಕೊಂಡೆ. ಅವರು ಟೇಪಿನ ತುದಿ ಬಿಡದೆ, “ಮಂಚ ಎಷ್ಟು ಎತ್ತರ?” ಎಂದು ಕೇಳಿದರು.

ನೀನು ಉದ್ದ, ಅಗಲ ಕೇಳಿದ್ದೆ. ಎತ್ತರ ಕೇಳಿರಲಿಲ್ಲ.

ಯಾಕೆ ಎಂದೆ. ಅವರು ಮೆಲ್ಲಗೆ ಕೈ ಚಾಚಿ, ಬಣ್ಣ ಬಳಿದ ಗೋಡೆಯ ಮೇಲೆ, ಕಿಟಕಿಯ ಕೆಳಅಂಚಿಗಿಂತ ಒಂದು ಮೊಳ ಮೇಲೆ ಬೆರಳಿಟ್ಟು ತೋರಿಸಿದರು. “ನಡೀಲಾರದವರು ಅಂದ್ರಲ್ಲ. ರಾತ್ರಿ ನೀರೇನಾದ್ರೂ ಬಂದ್ರೆ ಎತ್ತೋಕೆ ಎಷ್ಟು ಹೊತ್ತು ಸಿಗುತ್ತೆ ಅಂತ ಲೆಕ್ಕ ಹಾಕ್ದೆ, ಅಷ್ಟೆ. ತಂಗಿಗೆ ಎಲ್ಲಾ ಹೇಳಿದ್ದೀರಲ್ಲಮ್ಮ? ನೀವು ಒಡಹುಟ್ಟಿದವರು, ಹೇಳಿರ್ತೀರಿ ಅಂತ್ಲೇ ನಾನು ಸುಮ್ನಿದ್ದೆ.” ನಾನು “ಹೂಂ” ಎಂದೆ. ಟೇಪು ಸುತ್ತಿಕೊಂಡು ಮನೆಗೆ ಬಂದು ಮೇಲಿನ ಕೋಣೆಯಲ್ಲಿ ಕೂತೆ. ಮಾಡಿದ ಅಡುಗೆ ಹಾಗೇ ಇತ್ತು.

ಆ ಮುದುಕಿಯನ್ನು ಎತ್ತಲು ಇಬ್ಬರು ಬೇಕು. ನೀನು ಕೆಲಸಕ್ಕೆ ಹೋದಾಗ, ನಿನ್ನ ಗಂಡ ಮೇಷ್ಟ್ರು ಶಾಲೆಗೆ ಪಾಠಕ್ಕೆ ಹೋದಾಗ, ಅಲ್ಲಿ ಒಬ್ಬರೂ ಇರುವುದಿಲ್ಲ.

ನಿನ್ನ ಮೇಷ್ಟ್ರ ಮೇಲೆ ಎಗರಾಡಬೇಡ. ಇಡೀ ವ್ಯವಹಾರದಲ್ಲಿ ಸರಿಯಾದ ಪ್ರಶ್ನೆ ಕೇಳಿದವರು ಅವರೊಬ್ಬರೇ. ಕೆರೆದಂಡೆಯ ಮನೆಗಳಿಗೆ ನೀರು ನುಗ್ಗುತ್ತದೆಂದು ಸ್ಟಾಫ್ ರೂಮಿನಲ್ಲಿ ಯಾರೋ ಹೇಳಿದ್ದರಂತೆ. ಮಾರ್ಚಿನಲ್ಲಿ ನಮ್ಮ ಊಟದ ಮೇಜಿನ ಮೇಲೆ ಆ ಮನೆಯ ಕಾಗದಪತ್ರದ ಕಟ್ಟು ಬಿಚ್ಚಿ, ಒಂದೊಂದೇ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಇದನ್ನೆಲ್ಲ ಎಲ್ಲಿ ಇಟ್ಟಿರುತ್ತಾರೆ ಎಂದು ನನ್ನನ್ನು ಕೇಳಿದರು. ಗೋಡೆಬೀರುವಿನ ಕೆಳಖಾನೆಯಲ್ಲಿ, ಮೂವತ್ತು ವರ್ಷದಿಂದ, ಎಂದೆ. ಅದು ನಿಜ. “ಅಂದ್ರೆ ನೀರು ಬಂದೇ ಇಲ್ಲ. ಜನ ಸುಳ್ಳು ಹೇಳ್ತಾರೆ, ಕಾಗದ ಹೇಳಲ್ಲ,” ಎಂದು ಕಟ್ಟು ಕಟ್ಟಿದರು. ಪರೀಕ್ಷೆಯಲ್ಲಿ ನಕಲು ಹಿಡಿದವರ ಹಾಗೆ ಖುಷಿಯಾಗಿದ್ದರು. ನೀನು ಅವರ ಬೆನ್ನು ತಟ್ಟಿದೆ. ನಾನು ಕಾಫಿ ತರಲು ಒಳಗೆ ಹೋದೆ.

ನೆಂದ ಕಾಗದ ಒಣಗುವಾಗ ನೀರು ಎಲ್ಲಿಯವರೆಗೆ ಏರಿತ್ತೋ ಅಲ್ಲೊಂದು ಕಂದು ಗೆರೆ ನಿಲ್ಲುತ್ತದೆ. ಕೊಳೆಯೆಲ್ಲ ಅಂಚಿಗೆ ಹೋಗಿ ಸೇರುವುದರಿಂದ ಹಾಗಾಗುತ್ತದೆ. ಈ ಗ್ರಂಥಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ನಾನು ಮಾಡುತ್ತಿರುವ ಕೆಲಸ ಅದೇ: ಹಾಳೆಯ ಕೆಳಗೆ ನೀರು ಹೀರುವ ಒತ್ತುಕಾಗದ ಇಟ್ಟು, ಹತ್ತಿಯ ತುದಿಯನ್ನು ಒದ್ದೆ ಮಾಡಿ, ಶಾಯಿ ಕದಡದಂತೆ ಆ ಗೆರೆಯನ್ನು ಎಳೆಎಳೆಯಾಗಿ ಹೀರಿಸುವುದು. ಒಂದು ಹಾಳೆಗೆ ಮುಕ್ಕಾಲು ಗಂಟೆ ಬೇಕು. ಮೂರನೆಯ ನೀರಿನ ನಂತರ ಗಡಿಯಾರದವರ ಕಟ್ಟನ್ನು ಒಣಗಿಸಿಕೊಟ್ಟವಳು ನಾನೇ, ಅದು ಉಪಕಾರ. ಆದರೆ ನೀನು ಮನೆ ನೋಡಲು ಬರುತ್ತೀಯೆಂದು ತಿಳಿದ ದಿನ ಆ ಕಟ್ಟನ್ನು ಮತ್ತೆ ಕೇಳಿ ತಂದೆ. “ಒಣಗಿದೆಯಲ್ಲಮ್ಮ, ಗೆರೆ ಇದ್ರೆ ಇರ್ಲಿ ಬಿಡಿ, ಕೊಳ್ಳೋರು ನೋಡ್ಲಿ,” ಎಂದಿದ್ದರು ಅವರು. ಹಾಗೇ ಬಿಟ್ಟರೆ ಕಾಗದವನ್ನು ತಿನ್ನುತ್ತದೆ ಎಂದೆ. ಮೂವತ್ತೊಂದು ಹಾಳೆ, ಇದೇ ಮೇಜಿನ ಮೇಲೆ, ಎರಡು ವಾರ.

ಅಳಿಸಿದವಳು ನಾನು, ಗುಬ್ಬಿ. ಕಾಗದ ಉಳಿಯಲಿ ಎಂದಲ್ಲ, ನೀನು ಬರಲಿ ಎಂದು. ನೀರು ಏರುವಾಗ ಗೋಡೆಯಾಚೆ ಕೂಗಿದರೆ ಓಗೊಡಲು ನನ್ನವರೊಬ್ಬರು ಇರಲಿ ಎಂದು. ನನಗೆ ಅಲ್ಲಿ ಒಬ್ಬಳೇ ಇರಲು ಭಯ. ಆ ಭಯಕ್ಕೆ ನಿನ್ನನ್ನೂ, ಎದ್ದು ಓಡಲಾರದ ಒಂದು ಜೀವವನ್ನೂ ತಂದು ಇಡಲು ಹೊರಟಿದ್ದೆ. ಸಹಿ ಹಾಕಬೇಡ.

ನಿನ್ನ
ಅಕ್ಕ

ತಾ.ಕ.: ಇದೇ ಮಾತುಗಳನ್ನು ಬೆಳಿಗ್ಗೆ ನಿನ್ನ ಮೇಷ್ಟ್ರಿಗೆ ಶಾಲೆಯ ವಿಳಾಸಕ್ಕೆ ಬರೆದು ಹಾಕಿದ್ದೇನೆ. ನೀನಾದರೆ ಇದನ್ನು ಓದಿ, ಮಡಚಿಟ್ಟು, ಅಕ್ಕನ ಮಾನ ಉಳಿಸಲು ಏನೋ ಒಂದು ನೆಪ ಹುಡುಕುತ್ತೀಯ. ಸಿಗದಿದ್ದರೆ ಸುಮ್ಮನೆ ಬಂದು ನನ್ನ ಪಕ್ಕದಲ್ಲಿದ್ದುಬಿಡುತ್ತೀಯ. ನಿನ್ನನ್ನು ಬಲ್ಲೆ. ಅದಕ್ಕೇ ಅವರದನ್ನು ಮೊದಲು ಅಂಚೆ ಡಬ್ಬಿಗೆ ಹಾಕಿ ಬಂದು, ಆಮೇಲೆ ನಿನಗೆ ಬರೆಯಲು ಕೂತೆ.