ಹನ್ನೆರಡು ಕಿತ್ತಳೆ, ನಾಲ್ಕು ಮಕ್ಕಳು

ಮೃತ್ಯುಂಜಯ ಅವರಿಗೆ,

ನಮಸ್ಕಾರ. ನಿಮ್ಮ ಮಗಳು ಧನುಶ್ರೀ ಕೂಡುವ, ಕಳೆಯುವ ಲೆಕ್ಕದಲ್ಲಿ ತಪ್ಪುವವಳಲ್ಲ. ನಿನ್ನೆ ಭಾಗಾಕಾರ ಕೊಟ್ಟೆ: ಹನ್ನೆರಡು ಕಿತ್ತಳೆಯನ್ನು ನಾಲ್ಕು ಮಕ್ಕಳಿಗೆ ಹಂಚಿದರೆ ತಲಾ ಎಷ್ಟು? ಹನ್ನೆರಡು ಎಂದು ಬರೆದಳು.

“ಮಿಕ್ಕ ಮೂರು ಜನ ಎಲ್ಲವ್ರೆ ಮಿಸ್? ಇಸ್ಕೂಲಲ್ಲಿ ನಾನೊಬ್ಳೇ ತಾನೆ?” ಎಂದಳು.

ತಪ್ಪು ಹಾಕಲು ನನಗೆ ಕೈ ಬರಲಿಲ್ಲ. ಜೂನ್‌ನಿಂದ ಕಾದೆ, ಬೇರೆ ಮಕ್ಕಳು ಸೇರಲಿಲ್ಲ. ಕುಂಟೆಬಿಲ್ಲೆಗೂ ನಾನೇ ಜೊತೆ. ಮಂಡಿನೋವು, ದಿನಾ ಸೋಲುತ್ತೇನೆ.

ಅವಳನ್ನು ಬೆಳಗೋಡಿನ ಶಾಲೆಗೆ ಸೇರಿಸಿ. ಬೆಳಿಗ್ಗೆ ಬಸ್ಸಿದೆ. ಈ ಶಾಲೆ ಮುಚ್ಚುತ್ತದೆಂದು ಸಂಕೋಚ ಪಡಬೇಡಿ. ಟಿ.ಸಿ. ಬರೆದಿಟ್ಟಿದ್ದೇನೆ. ಒಯ್ಯಲು ದಯವಿಟ್ಟು ನೀವೊಬ್ಬರೇ ಬನ್ನಿ. ಅವಳು ಎದುರಿಗೆ ನಿಂತರೆ ನಾನು ಕೊಡಲಾರೆ.

ಇಂತಿ,
ಕಲ್ಯಾಣಮ್ಮ, ಶಿಕ್ಷಕಿ