ಹಿಂದಕ್ಕೊಂದು ಲಾಗ

ಅಮ್ಮಾ,

ತಿಂಡಿ ಮುಚ್ಚಿಟ್ಟಿದ್ದೀನಿ, ತಿಂದ ಮೇಲೇ ಮಾತ್ರೆ ತಗೋ.

ನನ್ನ ಜಿಮ್ನಾಸ್ಟಿಕ್ಸ್ ಬಟ್ಟೆ ನಿನ್ನ ಹಾಸಿಗೆ ಕೆಳಗೆ ಸಿಕ್ತು. ನಲವತ್ತೆರಡು ವರ್ಷದ ಮಗಳ ಬಟ್ಟೆ ಬಚ್ಚಿಡೋದಾ!

ಹನ್ನೊಂದನೇ ವಯಸ್ಸಲ್ಲಿ ಹಿಂದಕ್ಕೆ ಲಾಗ ಹಾಕೋಕೆ ಹೋಗಿ ಕೈ ಮುರ್ಕೊಂಡಾಗ, "ತಿಪ್ಪರಲಾಗ ಹಾಕಿದ್ರೂ ಇನ್ನು ಕಳಿಸಲ್ಲ" ಅಂದಿದ್ದೆ ನೀನು. ಇಷ್ಟು ವರ್ಷ ಎಲ್ಲರ ಹತ್ರ, "ಅಮ್ಮ ಬಿಡಿಸಿಬಿಟ್ಲು" ಅಂತ ಹೇಳ್ಕೊಂಡು ಬಂದೆ. ಸುಳ್ಳು. ಹೆದರಿ ಹೋಗಿದ್ದವಳು ನಾನೇ. ನೀನು ಬೇಡ ಅಂದಾಗ ಒಳಗೊಳಗೇ ಖುಷಿಯಾಗಿತ್ತು.

ಈಗ ಆ ಹೆದರಿಕೆ ಇಲ್ಲ. ನಾಲ್ಕು ತಿಂಗಳಿಂದ ಲಾಗ ಹಾಕೋವಾಗ ಕೋಚ್ ನನ್ನ ಬೆನ್ನಿಗೆ ಕೈ ಕೊಡ್ತಿದ್ರು, ಇವತ್ತು ಬೇಡ ಅಂದಿದ್ದೀನಿ. ಲಾಗ ಹಾಕೇ ಹಾಕ್ತೀನಿ.

ಹತ್ತು ಗಂಟೆಗೆ ಜಿಮ್ನಾಸ್ಟಿಕ್ಸ್ ಹಾಲ್‌ಗೆ ಬಾ. ಗೋಡೆ ಪಕ್ಕ ನಿನಗೊಂದು ಕುರ್ಚಿ ಹಾಕಿಸಿರ್ತೀನಿ. ಬೇಕಾದ್ರೆ ಕಣ್ಣು ಮುಚ್ಕೊಂಡು ಕೂತ್ಕೋ.