ಬೆತ್ತದ ಕತ್ತಿಯ ಮೇಲೆ ನನ್ನ ಗುರುತು

ಏಪ್ರಿಲ್ 6, ಭಾನುವಾರ

ಯಾರದು ಪುಟ ತಿರುವುತ್ತಿರೋದು? ಕೈ ಒರೆಸಿಕೊಂಡು ಮುಟ್ಟು. ಇಲ್ಲ, ಮುಟ್ಟಲೇಬೇಡ. ಹೋದ ವಾರ ಇದರೊಳಗೆ ಬೆಣ್ಣೆ ಕಲೆ ಇತ್ತು. ಡಾಕ್ಟರು ನನಗೆ ಬೆಣ್ಣೆ ಬಿಡಿಸಿ ಮೂರು ವರ್ಷವಾಯಿತು. ಇದು ಬೆತ್ತದ ಅಳತೆ ಬರೆಯೋ ಪುಸ್ತಕ. ಜೊತೆಗೆ ಹೊಟ್ಟೆಯೊಳಗಿನ ನಾಲ್ಕು ಮಾತೂ ಇರುತ್ತೆ, ನಿನಗೇನು? ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕಾಗುಣಿತ ನೋಡಿ ನಗಬೇಕು ಅಂತಿದ್ದರೆ ನಿನ್ನ ಮನೆ ಕನ್ನಡಿ ಮುಂದೆ ನಿಂತುಕೊಂಡು ನಗು.

ಇವತ್ತು ಐದು ಬೆತ್ತ. ಒಂದೊಂದನ್ನೂ ಸಿಮೆಂಟು ನೆಲದ ಮೇಲೆ ಬೀಳಿಸಿ ಕೇಳಿದೆ. ನಾಲ್ಕು ಟಣ್ ಅಂದವು. ಒಂದು ಬದ್ ಅಂತು — ಒಲೆಗೆ.

ನನ್ನ ಗಂಡ ಎಮರಿ ಇದ್ದಾಗ ನಾವಿಬ್ಬರೂ ಕುರ್ಚಿ ಹೆಣೆದವರು, ಮೂವತ್ತೆಂಟು ವರ್ಷ. ಕುರ್ಚಿಗೆ ಬೇಕಾದ್ದು ಬೆತ್ತದ ಸಿಪ್ಪೆ ಮಾತ್ರ. ಕತ್ತಿಗೆ ಸಿಪ್ಪೆಯೂ ಬೇಕು ತಿರುಳೂ ಬೇಕು. ಇಷ್ಟು ಗೊತ್ತಿಲ್ಲದೆ ಹಳೇ ಕಾಲದ ಕತ್ತಿಕಾಳಗ ಆಡೋ ಈ ಸಂಘದವರು ಶನಿವಾರ ಬಂತೆಂದರೆ ಕಬ್ಬಿಣದ ಟೊಪ್ಪಿ ಹಾಕಿಕೊಂಡು ಸಾವಿರ ವರ್ಷದ ಹಿಂದಿನ ಸೈನಿಕರಾಗೋಕೆ ಹೊರಡುತ್ತಿದ್ದರು. ನನ್ನ ಮಗನೂ ಅದರಲ್ಲೊಬ್ಬ. ಮೊದಲ ವರ್ಷ ಅವನು ತಂದ ಕೋಲು ನೋಡಿ, ಕೊಡೋ ಇಲ್ಲಿ ಅಂತ ಕಿತ್ತುಕೊಂಡೆ. ಅಲ್ಲಿಂದ ಈಚೆಗೆ ನಾನು ಎಲ್ಲರಿಗೂ ಬೆತ್ತದಜ್ಜಿ.

ಸಂಜೆ ಮಗ ಡಾರ್ಸಿ ಬಂದ. ಮಾಡ್ತಿದ್ದದ್ದು ಅವನದೇ ಹೊಸ ಕತ್ತಿ, ಮೂವತ್ತೊಂದನೇ ನಂಬರು. ಕೈಲಿ ತೂಗಿ ನೋಡಿದ.

“ಅಮ್ಮ, ಇದು ಕತ್ತಿಯೋ ಒನಕೆಯೋ?”

“ಒನಕೆ ಎತ್ತೋ ತೋಳಿಲ್ಲದಿದ್ದರೆ ಸೌಟು ಹಿಡಿ.”

“ತುದಿ ಸ್ವಲ್ಪ ಹಗುರ ಮಾಡಿಕೊಡೆ. ಭುಜ ನೋಯುತ್ತೆ.”

“ದಿನಾ ಮನೆ ಚಾವಣಿ ಹಾಕೋನಿಗೆ ಭುಜ ನೋಯದೆ ಇನ್ನೇನು ನೋಯುತ್ತೆ? ನಿಯಮ ಒಂದೂಕಾಲು ಇಂಚು. ಅದಕ್ಕಿಂತ ತೆಳುವಾದ್ದು ಹೆಲ್ಮೆಟ್ಟಿನ ಕಂಬಿ ಸಂದಿಯಲ್ಲಿ ನುಗ್ಗುತ್ತೆ.”

ಮುಖ ಊದಿಸಿಕೊಂಡ. ನಲವತ್ತೇಳು ವರ್ಷದ ಮುಖ. ಜೂನ್ ಹದಿನಾಲ್ಕಕ್ಕೆ ಅವನಿಗೆ ನೈಟ್ ಅನ್ನೋ ವೀರಪಟ್ಟವಂತೆ, ಸೊಂಟಕ್ಕೆ ಬಿಳಿ ಪಟ್ಟಿ ಕಟ್ಟುತ್ತಾರಂತೆ. ಹದಿನೆಂಟು ವರ್ಷ ಕಾದಿದ್ದಾನೆ. ಕಟ್ಟಲಿ ಪಾಪ. ನನಗೂ ಆಸೆ ಇದೆ, ಅವನ ಮುಂದೆ ಹೇಳೋದಿಲ್ಲ ಅಷ್ಟೆ.

ಏಪ್ರಿಲ್ 10

31ನೇ ನಂಬರು ಮುಗೀತು. ಬರೀ ಬೆತ್ತದ ಅಳತೆ — ಹಿಡಿ ಹತ್ತಿರ ಒಂದೂಕಾಲಿನ ಮೇಲೆ ಇಂಚುಪಟ್ಟಿಯ ಎರಡು ಗೀಟು, ನಡುವೆ ಒಂದು ಗೀಟು, ತುದಿಯಲ್ಲಿ ಒಂದು ಗೀಟು. ಉದ್ದಕ್ಕೆ ನಾಲ್ಕು ಪಟ್ಟಿ ನೂಲಿನ ಟೇಪು. ಮೇಲೆ ಬೆಳ್ಳಿ ಬಣ್ಣದ್ದು, ಒಂದೇ ಸುತ್ತು. ಅಲಗಿನ ಕಡೆ ಕೆಂಪು ಗೆರೆ. ತುದಿಗೆ ಸ್ಪಂಜು. ಮಣಿಕಟ್ಟಿಗೆ ಚರ್ಮದ ಕುಣಿಕೆ. ಬುಡಕ್ಕೆ ಕಾದ ಮೊಳೆಯಿಂದ ನನ್ನ ಗುರುತು ಸುಟ್ಟೆ — ಒಂದು ಪುಟ್ಟ ಕುರ್ಚಿ.

ಡಾರ್ಸಿ ಬಂದು ಒಯ್ದ. ಹೋಗ್ತಾ ಎಮರಿಯ ಚಾಕು ಕೇಳಿದ, ಎರಡು ಕೈಯಲ್ಲಿ ಹಿಡಿದು ಹೆರೆಯೋದು. ಕೊಡಲಿಗೆ ಹಿಡಿ ಮಾಡಬೇಕಂತೆ. ಕೊಟ್ಟೆ.

ಏಪ್ರಿಲ್ 17

ಚಾಕು ವಾಪಸು ಬಂತು. ಒರೆಸಿಟ್ಟಿದ್ದಾನೆ. ಅವನು ಯಾವತ್ತು ಏನು ಒರೆಸಿದ್ದ?

ಕಾಡು ಬೆಳ್ಳುಳ್ಳಿ ಬಂದಿದೆ ಹಳ್ಳದ ಪಕ್ಕ. ಮೊಟ್ಟೆ ಜೊತೆ ಹುರಿದೆ. ಮನೆಯೆಲ್ಲ ನಾತ, ಬಾಯಿಗೆ ಸುಖ.

ಏಪ್ರಿಲ್ 26, ಶನಿವಾರ, ಸಂಜೆ 6

ಸಿಟ್ಟಲ್ಲಿ ಬರೀತಿದ್ದೀನಿ. ಅಕ್ಷರ ಹೇಗೆ ಬಂದರೆ ಹಾಗೆ.

ಹಿಂಕಲ್‌ರ ಹುಡುಗಿ ಡೆಲ್ಫಾ, ಸ್ಕೂಲ್ ಬಸ್ಸು ಓಡಿಸೋಳು, ಇವತ್ತಿನ ಕಾಳಗದಲ್ಲಿ ಡಾರ್ಸಿ ಎದುರು ಮೂರನೇ ಸುತ್ತಿಗೆ ನಿಂತಳು. ಗುರಾಣಿ ಅಂಚಿಗೆ ಇವನ ಏಟು ಬಿತ್ತು. ಕತ್ತಿ ಮುರೀತು. ಮುರಿದ ಚೂರು ಕಂಬಿ ಸಂದಿಯಲ್ಲಿ ಒಳಗೆ ಹೋಯಿತು. ಎಡಗಣ್ಣಿನ ಕೆಳಗೆ ಏಳು ಹೊಲಿಗೆ. ಅರ್ಧ ಇಂಚು ಮೇಲಾಗಿದ್ದರೆ ಕಣ್ಣಿಲ್ಲ ಅಂದರಂತೆ ಆಸ್ಪತ್ರೆಯಲ್ಲಿ.

ಗ್ಲೆಂಡನ್ ಯೋಕಮ್ — ವಾರವೆಲ್ಲ ದನದ ಮೇವು ಮಾರೋನು, ಶನಿವಾರ ಹಳದಿ ಪಟ್ಟಿ ಹಾಕಿಕೊಂಡರೆ ಆಯುಧದ ಇನ್ಸ್‌ಪೆಕ್ಟರು — ಮುರಿದ ಬುಡ ಎತ್ತಿ ಹಿಡಿದ. ಎಲ್ಲರ ಮುಂದೆ.

“ಬೆತ್ತದಜ್ಜಿ, ಇದು ನಿನ್ನದು ತಾನೆ?”

“ಗುರುತು ನನ್ನದು. ಮುರಿತ ನನ್ನದಲ್ಲ.”

“ಅದೇನು ಹಾಗಂದರೆ?”

“ಬೆತ್ತ ಮುರಿಯೋದಿಲ್ಲ ಕಣಯ್ಯ. ಹೊಡೆದು ಹೊಡೆದು ಪೊರಕೆಯಾಗುತ್ತೆ. ಅದಕ್ಕೇ ನಾವು ಬೆತ್ತ ಹಿಡಿಯೋದು. ಮುರಿದಿದೆ ಅಂದರೆ ಯಾರೋ ಅದಕ್ಕೆ ಏನೋ ಮಾಡಿದ್ದಾರೆ.”

ಕೇಳಿಸಿಕೊಳ್ಳಲಿಲ್ಲ. ಗೋಣಿಚೀಲಕ್ಕೆ ಹಾಕಿದ. ವಿಚಾರಣೆ ಮುಗಿಯೋವರೆಗೆ ಕುರ್ಚಿ ಗುರುತಿನ ಯಾವ ಕತ್ತಿಯೂ ಕಾಳಗದ ಅಂಗಳಕ್ಕೆ ಬರಕೂಡದು ಅಂದ. ಹದಿನೆಂಟು ವರ್ಷ ನನ್ನ ಕತ್ತಿಯಿಂದ ಒಬ್ಬರ ಉಗುರೂ ಕಿತ್ತಿಲ್ಲ.

ಡಾರ್ಸಿ ಹೆಲ್ಮೆಟ್ಟು ಕೈಲಿ ಹಿಡಿದು ನಿಂತಿದ್ದ. ಗಾಬರಿಯಾಗಿದ್ದಾನೆ ಅಂದುಕೊಂಡೆ.

ಏಪ್ರಿಲ್ 29

ಗ್ಲೆಂಡನ್ ಅಂಗಡಿಗೆ ಹೋದೆ. ಮೇವಿನ ಮೂಟೆ ಮೇಲೆ ಕೂತೆ. ಮುರಿದ ಕತ್ತಿ ತೋರಿಸೋವರೆಗೆ ಏಳೋದಿಲ್ಲ ಅಂದೆ. ಮೂರು ಗಿರಾಕಿ ಬಂದು ನನ್ನ ನೋಡಿಕೊಂಡು ಹೋದ ಮೇಲೆ ಚೀಲ ತಂದ.

ಟೇಪು ಬಿಡಿಸಿ ಎಣಿಸಿದೆ. ಐದು ಸುತ್ತು.

“ದಪ್ಪ ಅಳೆಯೋ ನಿನ್ನ ಉಂಗುರ ಟೇಪನ್ನ ಅಳೆದಿದೆ ಗ್ಲೆಂಡನ್. ನಾಳೆ ಸೌತೆಕಾಯಿಗೆ ಕಂಬಳಿ ಸುತ್ತಿ ತಂದರೂ ಪಾಸು ಮಾಡ್ತೀಯ.”

“ಉಂಗುರದಲ್ಲಿ ತೂರಬಾರದು ಅಂತ ನಿಯಮ. ತೂರಲಿಲ್ಲ.”

“ಒಳಗೆ ಏನಿದೆ ಅಂತ ಬಗ್ಗಿಸಿ ನೋಡೋ ಕೈ ಇಲ್ಲವಾ ನಿನಗೆ?”

“ಕೈ ಇದೆ ಅಜ್ಜಿ, ಕತ್ತಿ ಅರವತ್ತು ಇದ್ದವು. ಈ ಐದು ಸುತ್ತು ಸುತ್ತಿದೋರು ಯಾರು? ನಿನ್ನ ಮಗನ್ನ ಕೇಳಿದೆ. ಅಮ್ಮ ಕೊಟ್ಟ ಹಾಗೇ ತಂದಿದ್ದೀನಿ ಅಂದ.”

ಆಗಲೇ ಬೆತ್ತ ತಿರುಗಿಸಿದ್ದು. ಒಂದು ಕಡೆ ಸಿಪ್ಪೆಯೇ ಇಲ್ಲ. ಚಪ್ಪಟೆ. ಆ ಚಪ್ಪಟೆಯ ಉದ್ದಕ್ಕೂ ಕೂದಲೆಳೆಯಷ್ಟು ಉಬ್ಬಿದ ಒಂದು ಗೆರೆ. ಎಮರಿಯ ಚಾಕುವಿನ ಬಾಯಲ್ಲಿ ಒಂದು ಕಚ್ಚು ಇದೆ. ಚರ್ಚಿನ ಬೆಂಚು ಹೆರೆಯುವಾಗ ಮೊಳೆಗೆ ತಾಗಿದ್ದು, ತಾಗಿಸಿದವಳು ನಾನೇ. ಅಲ್ಲಿಂದ ಈಚೆಗೆ ಆ ಚಾಕು ಹೋದ ಕಡೆಯೆಲ್ಲ ಆ ಗೆರೆ ಬಿಡುತ್ತೆ.

“ಏನಾಯ್ತು ಅಜ್ಜಿ?”

“ಕಣ್ಣಿಗೆ ಮೇವಿನ ಧೂಳು.”

“ನೀನು ಒಂದೇ ಸುತ್ತು ಸುತ್ತೋದು ಅಂತ ಎಲ್ಲಾದರೂ ಬರೆದಿಟ್ಟಿದ್ದೀಯಾ?”

“ಇಟ್ಟಿದ್ದೀನಿ. ಪುಸ್ತಕ ಇದೆ.”

“ಮೇ ಇಪ್ಪತ್ನಾಲ್ಕಕ್ಕೆ ಸಭೆ. ಅದನ್ನ ತಂದು ತೋರಿಸು, ಮುಗೀತು.”

ಮುಗೀತಂತೆ. ಅಳತೆ ಬರೆದ ಪುಟದಲ್ಲೇ, ಕೆಳಗೆ, ಚಾಕು ಯಾರಿಗೆ ಕೊಟ್ಟೆ ಅಂತಲೂ ಬರೆದಿದ್ದೀನಲ್ಲ.

ಮೇ 1, ಗುರುವಾರ

ಗುರುವಾರ ಡಾರ್ಸಿಗೆ ಇಲ್ಲೇ ಊಟ. ಹುರುಳಿಕಾಯಿ, ಮೆಕ್ಕೆಜೋಳದ ಬ್ರೆಡ್ಡು. ಸ್ವಲ್ಪ ತಿನ್ನೋಕೆ ಬಿಟ್ಟು ಆಮೇಲೆ ಕೇಳಿದೆ. ಹಸಿದ ಹೊಟ್ಟೆಗೆ ಬೈಯಬಾರದು ಅಂತಿದ್ದಳು ನಮ್ಮವ್ವ.

“ಕೊಡಲಿ ಹಿಡಿ ಚೆನ್ನಾಗಿ ಬಂತಾ?”

“ಯಾವ ಕೊಡಲಿ?”

ನೋಡಿ. ಸುಳ್ಳು ಹೇಳಿದ್ದು ನೆನಪಿಟ್ಟುಕೊಳ್ಳೋ ಯೋಗ್ಯತೆಯೂ ಇಲ್ಲ. ಗೆರೆ ಕಂಡೆ ಅಂದೆ. ಚಮಚ ಕೆಳಗಿಟ್ಟ.

“ಎಲ್ಲರೂ ಹೆರೀತಾರೆ ಅಮ್ಮ. ಹಗುರ ಆದರೆ ಕೈ ಬೇಗ ಹೋಗುತ್ತೆ. ಟೇಪು ಸುತ್ತಿ ಅಳತೆಗೆ ತಂದಿದ್ದೆ. ಉಂಗುರ ಪಾಸಾಯ್ತು.”

“ಡೆಲ್ಫಾ ಕೆನ್ನೆಯೊಳಗೂ ಪಾಸಾಯ್ತು.”

“ನಾನು ಬೇಕು ಅಂತ ಮಾಡಿದ್ನಾ?”

“ಹೋಗಿ ನೋಡಿದ್ಯಾ ಅವಳನ್ನ?”

ಇಲ್ಲ. ಕಾರ್ಡು ಕಳಿಸಿದ್ದಾನಂತೆ. ಆಮೇಲೆ ಮೆತ್ತಗೆ ಶುರು ಮಾಡಿದ. ಈಗ ಬಾಯಿ ಬಿಟ್ಟರೆ ಜೂನ್ ಹದಿನಾಲ್ಕು ಇಲ್ಲ. ಆಯುಧ ತಿದ್ದಿದವನಿಗೆ ಪಟ್ಟ ಕಟ್ಟೋದಿಲ್ಲ, ಯಾವತ್ತೂ.

“ಬೆತ್ತ ಹಳೇದಿತ್ತು, ಗೊತ್ತಾಗಲಿಲ್ಲ ಅಂತ ಹೇಳಿಬಿಡೆ ಅಮ್ಮ. ನಿನಗೆ ಎಪ್ಪತ್ನಾಲ್ಕು. ಯಾರೂ ನಿನ್ನ ಬೈಯೋದಿಲ್ಲ. ಕಣ್ಣು ಮಂಜಾಗಿದೆ ಅಂದುಕೊಳ್ತಾರೆ ಅಷ್ಟೆ. ನಿನಗೇನು ಹೋಗುತ್ತೆ?”

ನನಗೇನು ಹೋಗುತ್ತೆ.

ತಟ್ಟೆ ಎತ್ತಿದೆ. ಅರ್ಧ ತಿಂದಿದ್ದ. ಎತ್ತಿದೆ.

ಮೇ 11, ಭಾನುವಾರ

ಹತ್ತು ದಿನ ಪೆನ್ನು ಮುಟ್ಟಲಿಲ್ಲ. ಮುಟ್ಟಿದ್ದರೆ ಕಾಗದ ಹರೀತಿತ್ತು.

ಇವತ್ತು ತಾಯಂದಿರ ದಿನ. ಬೆಳಗ್ಗೆ ಮೆಟ್ಟಿಲ ಮೇಲೆ ಒಂದು ಹೂವಿನ ಕುಂಡ, ಮಗನ ಹೆಸರಿನ ಚೀಟಿ. ಬಾಗಿಲು ತಟ್ಟೋ ಧೈರ್ಯವಿಲ್ಲ, ಕುಂಡ ಇಡೋ ಧೈರ್ಯವಿದೆ. ಹೂವಿನ ತಪ್ಪೇನು. ನೀರು ಹಾಕಿದೆ.

ಮಧ್ಯಾಹ್ನ ಡೆಲ್ಫಾ ಬಂದಳು. ಹೊಲಿಗೆ ಬಿಚ್ಚಿದ್ದಾರೆ. ಕಣ್ಣಿನ ಕೆಳಗೆ ಕೆಂಪು ಹುಳ ಮಲಗಿದ ಹಾಗೆ. ಕಾಫಿ ಕೊಟ್ಟೆ. ಅವಳ ಮುಖ ನೋಡೋಕಾಗದೆ ಸಕ್ಕರೆ ಎರಡು ಸಲ ಹಾಕಿದೆ.

“ಬಸ್ಸಲ್ಲಿ ಮಕ್ಕಳು ನನ್ನ ಕಡಲ್ಗಳ್ಳಿ ಅಂತಾರೆ ಅಜ್ಜಿ. ಈಗ ಎಲ್ಲ ತೆಪ್ಪಗೆ ಕೂರ್ತಾವೆ.”

“ನಗಬೇಡ. ಗಾಯ ಎಳೆಯುತ್ತೆ.”

“ನಾನು ಬಂದಿದ್ದು ಒಂದು ಮಾತು ಹೇಳೋಕೆ. ಎಲ್ಲರೂ ನಿನ್ನ ಮೇಲೆ ಮಾತಾಡ್ತಾರೆ. ನನಗೆ ನಿನ್ನ ಮೇಲೆ ಸಿಟ್ಟಿಲ್ಲ. ವಯಸ್ಸಾದ ಮೇಲೆ ಒಂದು ಸಲ ಕೈ ತಪ್ಪುತ್ತೆ. ನಮ್ಮಜ್ಜಿಗೂ ಹಾಗೇ ಆಗಿತ್ತು.”

ನನ್ನ ಕೈ ಹಿಡಿದುಕೊಂಡಳು. ಮಾಡದ ತಪ್ಪಿಗೆ ಕ್ಷಮೆ ಸಿಕ್ಕಿತು, ನುಂಗಿದೆ. ಬೆತ್ತದ ಸಿಬಿರು ನುಂಗಿದ ಹಾಗೆ — ಇಳಿಯೋದೂ ಇಲ್ಲ, ಬರೋದೂ ಇಲ್ಲ.

ಹೇಳಿಬಿಡಬೇಕಿತ್ತು. ನಾಲಿಗೆವರೆಗೆ ಬಂತು. ಅವನು ಕಾದ ಹದಿನೆಂಟು ವರ್ಷ ನೆನಪಾಯಿತು. ಹಾಳಾದ್ದು ಹೆತ್ತ ಹೊಟ್ಟೆ.

ಮೇ 24, ಶನಿವಾರ

ಸಭೆಗೆ ಹೋದೆ. ಪುಸ್ತಕ ಮನೆಯಲ್ಲೇ ಬಿಟ್ಟು ಹೋದೆ.

ಮೇಜಿನ ಹಿಂದೆ ಗ್ಲೆಂಡನ್ ಜೊತೆ ಇನ್ನಿಬ್ಬರು. ಪುಸ್ತಕವೆಲ್ಲಿ ಅಂದರು. ಅದರಲ್ಲಿ ನನ್ನ ಮನೆ ಮಾತಿದೆ, ಕೊಡೋದಿಲ್ಲ ಅಂದೆ. ಐದು ಸುತ್ತು ನೀನು ಸುತ್ತಿದ್ದಾ ಅಂದರು. ಇಲ್ಲ. ಮತ್ತೆ ಯಾರು? ಸುಮ್ಮನಿದ್ದೆ. ಎರಡನೇ ಸಾಲಿನಲ್ಲಿ ಡಾರ್ಸಿ ಕೂತಿದ್ದ. ನನ್ನ ಕಡೆ ನೋಡಲಿಲ್ಲ, ತನ್ನ ಬೂಟು ನೋಡಿಕೊಂಡ. ಒಂದು ಸಲ ಎದ್ದು ನಿಲ್ಲುತ್ತಾನೇನೋ ಅಂತ ಮೇಜಿನ ಅಂಚು ಹಿಡಿದು ಕಾದೆ. ಎದ್ದ. ಕಿಟಕಿ ಹಾಕಿ ಬಂದು ಕೂತ.

ತೀರ್ಪು: ಕುರ್ಚಿ ಗುರುತಿನ ಕತ್ತಿ ಇನ್ನು ಅಂಗಳಕ್ಕಿಲ್ಲ. ಹಳೇದೂ ಇಲ್ಲ, ಹೊಸದೂ ಇಲ್ಲ.

ಗ್ಲೆಂಡನ್ ಬಾಗಿಲವರೆಗೆ ಬಂದ. “ಅಜ್ಜಿ, ಇದು ನಿನ್ನ ತಪ್ಪು ಅಂತ ನನಗೂ ನಂಬಿಕೆಯಿಲ್ಲ. ಆದರೆ ನೀನು ಬಾಯಿ ಬಿಡದೆ ನಾನೇನು ಮಾಡಲಿ?” ಅಂದ. ಬಾಗಿಲು ಆ ಮೇವಿನವನ ಕೈಗೆ ಬಿಟ್ಟು ಮೆಟ್ಟಿಲು ಇಳಿದೆ.

ಮೇ 26, ಸೋಮವಾರ

ರಜಾ ದಿನ. ಬೆಳಗ್ಗಿಂದ ಪಿಕಪ್ಪುಗಳು ಬರುತ್ತಿವೆ. ಒಬ್ಬೊಬ್ಬರೇ ಇಳೀತಾರೆ, ಟೊಪ್ಪಿ ತೆಗೀತಾರೆ, ನನ್ನ ಕತ್ತಿ ಮೆಟ್ಟಿಲ ಪಕ್ಕ ಒರಗಿಸಿ ಹೋಗ್ತಾರೆ. ಬಿಸಾಡೋಕೆ ಮನಸ್ಸು ಬರಲಿಲ್ಲ ಅಜ್ಜಿ ಅಂತಾರೆ. ಸಾವಿನ ಮನೆಗೆ ಬಂದವರ ಹಾಗೆ ಮೆಲ್ಲಗೆ ಮಾತಾಡ್ತಾರೆ. ಒಬ್ಬಳು ಕೇಕು ಬೇರೆ ತಂದಳು. ಹನ್ನೆರಡರ ಹೊತ್ತಿಗೆ ಸೌದೆ ಒಟ್ಟಿದ ಹಾಗಾಯಿತು. ಒಂದೊಂದೂ ಯಾವ ವರ್ಷದ್ದು, ಯಾವ ಬೆತ್ತ, ಗಣ್ಣು ಎಲ್ಲೆಲ್ಲಿ — ಎಲ್ಲ ಗೊತ್ತು ನನಗೆ. ಎಂಟು ವರ್ಷ ಏಟು ತಿಂದದ್ದೂ ಇದೆ. ಪೊರಕೆಯಾಗಿದೆ. ಮುರಿದಿಲ್ಲ.

ಮೂರು ಗಂಟೆಗೆ ಡಾರ್ಸಿ ಬಂದ. ಅವನ ಹಿಂದೆ ಇನ್ನೆರಡು ಪಿಕಪ್ಪು ನಿಂತಿದ್ದವು. ಸತ್ಯ ಹೇಳೋಕೆ ಬಂದ ಅಂತ ಎದ್ದು ನಿಂತೆ. ಅವನ ಕೈಲಿ ಹಳೇ ಕತ್ತಿ, ಹತ್ತೊಂಬತ್ತನೇ ನಂಬರು. ಅವರಪ್ಪ ಸತ್ತ ವರ್ಷ ಮಾಡಿಕೊಟ್ಟದ್ದು. ರಾಶಿಯ ಮೇಲಿಟ್ಟ.

“ನೀನೂನಾ?” ಅಂದೆ.

ಹಿಂದಿನವರಿಗೆ ಕೇಳದ ಹಾಗೆ ಅಂದ, “ಎಲ್ಲರೂ ಕೊಡ್ತಿರುವಾಗ ನಾನೊಬ್ಬ ಇಟ್ಟುಕೊಂಡರೆ ಅನುಮಾನ ಬರುತ್ತೆ ಅಮ್ಮ.”

ಮೇ 28

ಡಾರ್ಸಿ, ಇದು ನಿನಗೆ. ಪುಸ್ತಕವನ್ನ ನಿನ್ನ ಹೆಲ್ಮೆಟ್ಟಿನ ಚೀಲದಲ್ಲಿ ಇಟ್ಟು ಬರ್ತೀನಿ. ಆ ಚೀಲ ನೀನು ದಿನಾ ತೆಗೀತೀಯ, ನನ್ನ ಮನೆ ಬಾಗಿಲ ಹಾಗಲ್ಲ.

ನೀನು ಹೆರೆದದ್ದಕ್ಕೆ ನನಗೆ ಅಷ್ಟು ಸಿಟ್ಟಿಲ್ಲ. ಮೂರ್ಖರು ಹೆರೀತಾರೆ. ಭುಜ ನೋವು ಸುಳ್ಳಲ್ಲ, ಅದೂ ಗೊತ್ತು. ಹೆರೆದು ನನ್ನ ಗುರುತಿನ ಹಿಂದೆ ಅವಿತುಕೊಂಡೆಯಲ್ಲ, ಅದು. ಡೆಲ್ಫಾ ಬಂದು ನನ್ನ ಕೈ ಹಿಡಿದು ಕ್ಷಮಿಸಿ ಹೋದಳು. ಆ ಕ್ಷಮೆ ನಿನ್ನದು, ನಾನು ಇಟ್ಟುಕೊಳ್ಳೋದಿಲ್ಲ. ಹೋಗಿ ಅವಳ ಹತ್ತಿರ ಕೇಳಿ ಇಸ್ಕೋ. ಕೊಡ್ತಾಳೋ ಇಲ್ಲವೋ, ಅದು ಅವಳಿಷ್ಟ.

ಸಭೆಯಲ್ಲಿ ನಾನು ಬಾಯಿ ಮುಚ್ಚಿದ್ದು ತಾಯಿ ಅಂತ. ಅದು ಒಂದೇ ಸಲ. ಮುಗೀತು.

ಪುಟದ ಕೆಳಗೆ ಜಾಗ ಬಿಟ್ಟಿದ್ದೀನಿ. ಯಾವತ್ತು ಹೆರೆದೆ, ಎಷ್ಟು ಹೆರೆದೆ, ಎಷ್ಟು ಸುತ್ತು ಟೇಪು, ಬರಿ. ಪೆನ್ನಿನಲ್ಲಿ. ಸಹಿ ಡಾರ್ಸಿ ಕೆಟರ್‌ಮನ್ ಅಂತಲೇ ಇರಲಿ, ಅಂಗಳದಲ್ಲಿ ಇಟ್ಟುಕೊಂಡಿರೋ ಆ ಸಾವಿರ ವರ್ಷದ ಹಿಂದಿನ ಹೆಸರು ಬೇಡ. ಬರೆದು ನೀನೇ ಗ್ಲೆಂಡನ್‌ಗೆ ಕೊಟ್ಟರೆ ನಾನು ಜೊತೆಗೆ ಬಂದು ಪಕ್ಕದಲ್ಲಿ ನಿಲ್ಲುತ್ತೀನಿ. ಬರೆಯದಿದ್ದರೆ ಭಾನುವಾರ ಬೆಳಗ್ಗೆ ಬಂದು ಪುಸ್ತಕ ತಗೊಂಡು ಹೀಗೇ ಅವನ ಮನೆಗೆ ನಡೀತೀನಿ, ನೀನು ತಡೆದರೂ.

ಇನ್ನು ಮೂರು ದಿನ ಇದೆ. ಜೂನ್ ಬರೋದರೊಳಗೆ ಉತ್ತರ ಬರಿ. ಬರೆಯುವಾಗ ಮೊದಲು ಅವಳ ಹೆಸರು ಬರಿ, ಆಮೇಲೆ ನಿನ್ನದು.